ಕಂಪೈಲರ್ ಗೊಣಗಿದರೆ ಕಿವಿಗೊಡಿ

ಎರರ್ ಬಂದರೆ ಬಿಲ್ಡ್ ಅಲ್ಲಿಗೇ ನಿಲ್ಲುತ್ತದೆ. ಸರಿಪಡಿಸದೆ ವಿಧಿಯಿಲ್ಲ. ವಾರ್ನಿಂಗ್ ಹಾಗಲ್ಲ. ಬಿಲ್ಡ್ ಮುಗಿಯುತ್ತದೆ, ಪ್ರೋಗ್ರಾಮ್ ಓಡುತ್ತದೆ, ಪರದೆಯಲ್ಲಿ ಸರಸರನೆ ಹಾದುಹೋದ ಸಾಲುಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ಒಬ್ಬರೇ ಬರೆದ ಕೋಡ್ ಆದರೆ ಹೇಗೋ ನಡೆದೀತು. ಸಾವಿರಾರು ಮಂದಿ ಕೈಯಾಡಿಸುವ ಲಿನಕ್ಸ್ ಕರ್ನಲ್‌ನಂಥ ಕಡೆ ಇನ್ನೂರು ಹಳೆಯ ವಾರ್ನಿಂಗ್‌ಗಳು ಬಿದ್ದುಕೊಂಡಿದ್ದರೆ, ಇವತ್ತು ಹುಟ್ಟಿದ ಇನ್ನೂರ ಒಂದನೆಯದು ಯಾರ ಕಣ್ಣಿಗೆ ಬಿದ್ದೀತು?

ಸಿ ಭಾಷೆಯ ಸ್ವಿಚ್ ನೋಡಿ. ಒಂದು ಕೇಸ್‌ನ ಕೊನೆಗೆ ಬ್ರೇಕ್ ಹಾಕದಿದ್ದರೆ ಪ್ರೋಗ್ರಾಮ್ ಮುಂದಿನ ಕೇಸ್‌ಗೆ ಜಾರುತ್ತದೆ; ಇದಕ್ಕೆ ಫಾಲ್‌ಥ್ರೂ ಎನ್ನುತ್ತಾರೆ. ಕೆಲವರು ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ, ಕೆಲವರು ಮರೆತಿರುತ್ತಾರೆ. ಕೋಡ್ ಓದುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. 2017ರಲ್ಲಿ ಬಂದ ಜಿಸಿಸಿ 7 ಕಂಪೈಲರ್ ಇಂಥ ಜಾಗಗಳನ್ನು ಎತ್ತಿ ತೋರಿಸತೊಡಗಿತು. ಕರ್ನಲ್‌ನಲ್ಲಿ ಅವು ಸಾವಿರಾರು ಇದ್ದವು. ಕರ್ನಲ್ ಡೆವಲಪರ್ ಗುಸ್ಟಾವೊ ಸಿಲ್ವಾ ಮುಂದೆ ನಿಂತು ಒಂದೊಂದನ್ನೇ ಓದಿದರು: ಇದು ಬೇಕೆಂದು ಬಿಟ್ಟದ್ದೋ, ಮರೆತದ್ದೋ? ಬೇಕೆಂದು ಬಿಟ್ಟಿದ್ದರೆ ಅಲ್ಲಿ ಹಾಗೆಂದು ಗುರುತು, ಮರೆತಿದ್ದರೆ ಬ್ರೇಕ್. ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಕುಳಿತಿದ್ದ ನಿಜವಾದ ದೋಷಗಳು ಹೀಗೆ ಹೊರಬಿದ್ದವು. ಎಲ್ಲ ಚೊಕ್ಕಟವಾದ ಮೇಲೆ, 2019ರ 5.3 ಆವೃತ್ತಿಯಲ್ಲಿ, ಈ ವಾರ್ನಿಂಗ್ ಇಡೀ ಕರ್ನಲ್‌ಗೆ ಜಾರಿಯಾಯಿತು. ಇಷ್ಟು ತಾಳ್ಮೆಯ ಕೆಲಸವನ್ನು ನಾನು ಹೊಸ ಫೀಚರ್ ಬರೆಯುವುದಕ್ಕಿಂತ ಒಂದು ಕೈ ಮೇಲೆಂದೇ ಎಣಿಸುತ್ತೇನೆ.

ವಾರ್ನಿಂಗ್ ಓದದೆ ಕಂಪೈಲರ್‌ನ ಬಾಯಿ ಮುಚ್ಚಿಸುವುದು ಮಾತ್ರ ಅಪಾಯ. ವೇರಿಯಬಲ್‌ಗೆ ಬೆಲೆ ಕೊಟ್ಟಿಲ್ಲ ಎಂದು ಕಂಪೈಲರ್ ಹೇಳಿದೊಡನೆ ಸೊನ್ನೆ ತುಂಬಿ ಮುಂದೆ ಹೋಗುವವರನ್ನು ದಿನವೂ ಕಾಣುತ್ತೇನೆ. ಬೆಲೆ ಸಿಗದೆ ಹೋದ ದಾರಿ ಯಾವುದೆಂಬ ಪ್ರಶ್ನೆ ಆ ಸೊನ್ನೆಯಡಿ ಹೂತುಹೋಗುತ್ತದೆ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ನಡೆದದ್ದು ಇದಕ್ಕೆ ಹತ್ತಿರದ್ದು. ಅಲ್ಲಿ ಗೊಣಗಿದ್ದು ಕಂಪೈಲರ್ ಅಲ್ಲ, ವ್ಯಾಲ್‌ಗ್ರೈಂಡ್ ಎಂಬ ತಪಾಸಣಾ ಸಾಧನ: ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಬೆಲೆ ತುಂಬದ ಮೆಮೊರಿಯನ್ನು ಬಳಸುತ್ತಿದೆ ಎಂದು. ಆ ದೂರು ನಿಲ್ಲಿಸಲು ಡೆಬಿಯನ್‌ನವರು ಎರಡು ಸಾಲುಗಳನ್ನು ತೆಗೆದರು. ತೆಗೆಯುವ ಮುನ್ನ ಓಪನ್‌ಎಸ್‌ಎಸ್‌ಎಲ್ ಬಳಗದಲ್ಲಿ ವಿಚಾರಿಸಿಯೂ ಇದ್ದರು. ಆದರೆ ಆ ಎರಡರಲ್ಲಿ ಒಂದು, ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯನ್ನು ಬೆರೆಸುವ ಸಾಲೇ ಆಗಿತ್ತು. ಉಳಿದದ್ದು ಪ್ರೋಸೆಸ್ ಸಂಖ್ಯೆಯೊಂದೇ, ಅದರ ಮಿತಿ 32,768. ಊಹಿಸಲು ಸಾಧ್ಯವಿರುವ ಕೀಲಿಗಳು ಡೆಬಿಯನ್, ಉಬುಂಟು ಸರ್ವರ್‌ಗಳಲ್ಲಿ 2008ರ ಮೇ ತಿಂಗಳವರೆಗೂ ತಯಾರಾದವು.

ಹಾಗಾದರೆ ಎಲ್ಲ ವಾರ್ನಿಂಗನ್ನೂ ಎರರ್ ಮಾಡಿಬಿಟ್ಟರೆ? 2021ರ ಸೆಪ್ಟೆಂಬರಿನಲ್ಲಿ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೋರ್ವಾಲ್ಡ್ಸ್ ಕರ್ನಲ್‌ನಲ್ಲಿ ಅದನ್ನೇ ಮಾಡಿದರು. ತಮ್ಮ ಯಂತ್ರದಲ್ಲಿ ಚೊಕ್ಕಟವಾಗಿದ್ದ ಕರ್ನಲ್ ಬೇರೆ ಪ್ರೊಸೆಸರ್, ಬೇರೆ ಸಂರಚನೆಗಳಲ್ಲಿ ಬಿಲ್ಡ್ ಆಗದೆ ನಿಂತಿತು. ಕೆಲವೇ ದಿನಗಳಲ್ಲಿ ಆ ಕಟ್ಟುನಿಟ್ಟು ಪರೀಕ್ಷಾ ಬಿಲ್ಡ್‌ಗಳಲ್ಲಷ್ಟೇ ತಾನಾಗಿ ಜಾರಿಯಾಗುವಂತೆ ಬದಲಾಯಿತು. ಆಶಯ ಸರಿಯೇ ಇತ್ತು. ಆದರೆ ಬಾಗಿಲು ಹಾಕುವ ಮೊದಲು ಮನೆ ಗುಡಿಸಿರಬೇಕು. ಫಾಲ್‌ಥ್ರೂ ಕೆಲಸದಲ್ಲಿ ಆ ಕ್ರಮ ಇತ್ತು.

ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಬೇಕು, ಎಲ್ಲಿಂದ ಶುರುಮಾಡಲಿ ಎಂದು ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ನಿಮಗಿಷ್ಟವಾದ ಪ್ರಾಜೆಕ್ಟನ್ನು ಈ ಭಾನುವಾರ ಬಿಲ್ಡ್ ಮಾಡಿ, ವಾರ್ನಿಂಗ್‌ಗಳನ್ನು ಒಂದು ಫೈಲಿಗೆ ಇಳಿಸಿಕೊಳ್ಳಿ. ಒಂದನ್ನು ಮಾತ್ರ ಆರಿಸಿ. ಆ ಸಾಲನ್ನು ಯಾವಾಗ, ಯಾಕೆ ಬರೆದರೆಂದು ಗಿಟ್ ಇತಿಹಾಸದಲ್ಲಿ ಹುಡುಕಿ. ಅರ್ಥವಾದ ಮೇಲೆ ಪ್ಯಾಚ್ ಕಳಿಸಿ, ವಾರ್ನಿಂಗ್ ಏಕೆ ಬಂತೆಂಬುದನ್ನೂ ಅದರ ಜೊತೆಗೆ ಬರೆಯಿರಿ.