ಇತಿಹಾಸದ ಪಾಠವೂ ಉಚಿತ ಡಿಜಿಟಲ್ ಸಾಧನಗಳೂ

ಅಧ್ಯಾಪಕರಿಗೆ ಉಪಯುಕ್ತವೆನ್ನಲಾದ ಉಚಿತ ಡಿಜಿಟಲ್ ಸಾಧನಗಳ ಪಟ್ಟಿಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ಹೆಸರುಗಳುಂಟು, ಪ್ರಶಂಸೆಯುಂಟು. ಗುಣದೋಷಗಳ ವಿವೇಚನೆ ಮಾತ್ರ ವಿರಳ. ಬೆಲೆಯಿಲ್ಲದೆ ದೊರೆತುದು ಉಪಯುಕ್ತವೇ ಆಗಬೇಕೆಂಬ ನಿಯಮವಿಲ್ಲ. ಇತಿಹಾಸವನ್ನು ಬೋಧಿಸುವವರು ಪ್ರತಿಯೊಂದು ಸಾಧನಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕೆಂದು ನಾವು ಭಾವಿಸುತ್ತೇವೆ. ಅದು ವಿದ್ಯಾರ್ಥಿಯನ್ನು ಮೂಲ ಆಧಾರದವರೆಗೆ ಕರೆದೊಯ್ಯುವುದೆ? ಜಾಲಸಂಪರ್ಕ ತಪ್ಪಿದ ಕಡೆಯೂ ಕೆಲಸಕ್ಕೆ ಬರುವುದೆ? ಅದರಲ್ಲಿನ ತಪ್ಪನ್ನು ತಿದ್ದುವ ಅಧಿಕಾರ ಅಧ್ಯಾಪಕನಿಗುಂಟೆ? ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ನಿದರ್ಶನವಾಗಿಟ್ಟುಕೊಂಡು ಕೆಲವು ಸಾಧನಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಮೂಲಗ್ರಂಥಗಳ ವಿಚಾರ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವು 1898ರಲ್ಲಿ ಪ್ರಕಟವಾಯಿತು. ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸೇರಿವೆ. ಬಹುಕಾಲ ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿದ್ದ ಈ ಶ್ರೇಣಿಯ ಸಂಪುಟಗಳು ಇಂದು ಇಂಟರ್ನೆಟ್ ಆರ್ಕೈವಿನಲ್ಲಿ ಯಾರಿಗಾದರೂ ದೊರೆಯುತ್ತವೆ. 1996ರಲ್ಲಿ ಆರಂಭವಾದ ಈ ಸಂಸ್ಥೆಯಿಂದ ನಮ್ಮ ಊರುಗಳ ಕಾಲೇಜುಗಳಿಗೆ ಆಗಿರುವ ಉಪಕಾರ ಸಾಮಾನ್ಯವಾದುದಲ್ಲ. ಆದರೆ ‘ಕೃಷ್ಣರಾಜನಗರ’ವೆಂದು ಹುಡುಕುವ ವಿದ್ಯಾರ್ಥಿ ಬರಿಗೈಯಲ್ಲಿ ಹಿಂದಿರುಗುವನು, ಏಕೆಂದರೆ ಅಂದು ಆ ತಾಲ್ಲೂಕಿನ ಹೆಸರು ಯಡತೊರೆ. ಪಿರಿಯಾಪಟ್ಟಣವೂ ಆಗ ಪ್ರತ್ಯೇಕ ತಾಲ್ಲೂಕಾಗಿರದೆ ಹುಣಸೂರಿಗೆ ಸೇರಿದ್ದಿತು. ಆಡಳಿತ ವಿಭಾಗಗಳ ಇತಿಹಾಸವನ್ನರಿಯದೆ ಹುಡುಕಾಟದ ಯಂತ್ರವು ಫಲ ಕೊಡದು. ಯಂತ್ರವು ಅಧ್ಯಾಪಕನ ಶ್ರಮವನ್ನು ತಗ್ಗಿಸಿಲ್ಲ. ಬೇರೊಂದು ಕಡೆಗೆ ತಿರುಗಿಸಿದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ರೈಸ್ ಅವರ ಸಂಪುಟಗಳಲ್ಲಿ ಶಾಸನದ ಪಾಠವು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇದ್ದು, ಇಂಗ್ಲಿಷ್ ಅನುವಾದವೂ ಜೊತೆಗಿದೆ. ಯಂತ್ರವು ಇಂಗ್ಲಿಷನ್ನು ಸುಲಭವಾಗಿ ಓದುತ್ತದೆ. ಹಳೆಯ ಅಚ್ಚಿನ ಕನ್ನಡದ ಒತ್ತಕ್ಷರಗಳಲ್ಲಿ ಎಡವುತ್ತದೆ. ಹೀಗಾಗಿ ಹುಡುಕಿದವನ ಕೈಗೆ ಮೊದಲು ಬರುವುದು ಅನುವಾದ. ಅನುವಾದವನ್ನೇ ಶಾಸನವೆಂದು ಬಗೆದು ಬರೆದ ಪ್ರಬಂಧಗಳು ನಮ್ಮ ತರಗತಿಗಳಲ್ಲಿ ಅಪರೂಪವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳೊಡನೆ ಪಾಠವನ್ನು ಹೋಲಿಸಿ ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮೊದಲಿನಿಂದಲೇ ಮಾಡಿಸತಕ್ಕದ್ದು. ಪದಾರ್ಥದ ಸಂದೇಹಗಳಿಗೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ ‘ಭಾರತವಾಣಿ’ಯು ಒಂದೆಡೆ ತಂದಿರುವ ನಿಘಂಟುಗಳು ನೆರವಾಗುತ್ತವೆ.

ಅಕ್ಷರಗಳ ವಿಚಾರದಲ್ಲಿಯೇ ಒಂದು ಸ್ವಾರಸ್ಯವಾದ ನಿದರ್ಶನವುಂಟು. ಗಣಕಗಳಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಕೊಡುವ ಯೂನಿಕೋಡ್ ವ್ಯವಸ್ಥೆಯು 1991ರಲ್ಲಿ ಪ್ರಕಟವಾಯಿತು. ಹಳಗನ್ನಡದ ‘ೞ’ ಅಕ್ಷರಕ್ಕೆ ಅದರಲ್ಲಿ ಸ್ಥಾನವಿದೆ; ಆದರೆ ಅದನ್ನು ‘ಫ’ ಎಂಬ ಸಲ್ಲದ ಹೆಸರಿನಿಂದ ದಾಖಲಿಸಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಅದರ ಪಕ್ಕದಲ್ಲಿ ತಿದ್ದುಪಡಿಯಾಗಿ ದಾಖಲಾಯಿತು. ಶಾಸನ ಸಂಪಾದಕರೂ ಮೂಲದ ಸ್ಖಾಲಿತ್ಯವನ್ನು ಅಳಿಸದೆ, ಶುದ್ಧ ಪಾಠವನ್ನು ಅಡಿಯಲ್ಲಿ ಸೂಚಿಸುತ್ತಾರೆ. ತಪ್ಪಿಲ್ಲದ ಸಾಧನವೆಂಬುದಿಲ್ಲ, ತಪ್ಪೂ ತಿದ್ದುಪಡಿಯೂ ಎರಡೂ ಕಣ್ಣಿಗೆ ಬೀಳುವಂತಿರುವ ಸಾಧನವೇ ಇತಿಹಾಸಕ್ಕೆ ಯೋಗ್ಯವಾದುದು.

ಎರಡನೆಯ ಪ್ರಶ್ನೆ ಕಾಡಂಚಿನ ಊರುಗಳಿಗೆ ಸಂಬಂಧಿಸಿದುದು. ಜಾಲಸಂಪರ್ಕವು ಬಂದು ಹೋಗುವ ಕಡೆ, ಸಂಪರ್ಕವನ್ನೇ ನೆಚ್ಚಿದ ಪಾಠ ನಡೆಯಲಾರದು. ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು, ಸಂಪರ್ಕವಿಲ್ಲದೆಯೇ ಓದಲು ಕೀವಿಕ್ಸ್ ಎಂಬ ಉಚಿತ ತಂತ್ರಾಂಶವು ಅವಕಾಶ ಕೊಡುತ್ತದೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ದೀಕ್ಷಾ’ದ ಪಾಠಗಳನ್ನೂ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಇವೆರಡೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಆದರೆ ‘ದೀಕ್ಷಾ’ದ ಸಾಮಗ್ರಿಯು ಪಠ್ಯಪುಸ್ತಕವನ್ನು ಅನುಸರಿಸಿದುದು, ಊರ ಮುಂದಿನ ವೀರಗಲ್ಲಿಗೆ ಅಲ್ಲಿ ಎಡೆ ಕಡಿಮೆ.

ಇನ್ನು ಭೂಪಟಗಳು. ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರವು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲೆಯ ದಡದ ಕಿತ್ತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ನದಿಗೆ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು, ಹಲವು ಹಳ್ಳಿಗಳು ಮುಳುಗಿದವು. ಗೂಗಲ್ ಅರ್ಥ್‌ನಲ್ಲಿ ವರ್ಷವರ್ಷದ ಬದಲಾವಣೆಯನ್ನು ತೋರಿಸುವ ಚಿತ್ರಮಾಲೆಯು ಆರಂಭವಾಗುವುದು 1984ರಿಂದ. ಅದನ್ನಷ್ಟೇ ನೋಡಿದ ವಿದ್ಯಾರ್ಥಿಗೆ ಆ ನೀರು ಅನಾದಿಯಿಂದಲೂ ಅಲ್ಲಿಯೇ ಇದ್ದಂತೆ ತೋರುವುದು ಸಹಜ. ಚಿತ್ರ ಸುಳ್ಳು ಹೇಳುತ್ತಿಲ್ಲ. ತಡವಾಗಿ ಮಾತು ಆರಂಭಿಸಿದೆ, ಅಷ್ಟೆ. ಆ ಹತ್ತು ವರ್ಷಗಳ ಅಂತರವನ್ನು ತುಂಬಬೇಕಾದವನು ಅಧ್ಯಾಪಕ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಈ ಕೊರತೆ ಇನ್ನೂ ಗಂಭೀರವಾಗುತ್ತದೆ. ನಾಗರಹೊಳೆಯ ಹೆಬ್ಬಾಗಿಲೆಂದೂ ದಸರಾ ಆನೆಗಳ ಗಜಪಯಣ ಹೊರಡುವ ಸ್ಥಳವೆಂದೂ ಈ ಊರು ಪ್ರಸಿದ್ಧ. ಅಂತರಜಾಲದಲ್ಲಿಯೂ ಅದರ ಕೀರ್ತಿ ಇಷ್ಟೇ. ಆ ಬಾಗಿಲಿನಾಚೆಯ ಕಾಡಿನಲ್ಲಿ ಜೇನುಕುರುಬ, ಬೆಟ್ಟಕುರುಬ ಮೊದಲಾದ ಸಮುದಾಯಗಳ ಹಾಡಿಗಳಿದ್ದುವು. 1955ರಲ್ಲಿ ವನ್ಯಧಾಮವಾಗಿ, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಿಂದ ಅನೇಕ ಕುಟುಂಬಗಳು ಹೊರಬಂದುವು. ಅವರ ಸ್ಥಿತಿಗತಿಗಳನ್ನು ಪರಿಶೀಲಿಸಲು ಉಚ್ಚ ನ್ಯಾಯಾಲಯವು ನೇಮಿಸಿದ, ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ಅಧ್ಯಕ್ಷತೆಯ ಸಮಿತಿಯು 2014ರಲ್ಲಿ ವರದಿ ಸಲ್ಲಿಸಿತು. ಉಪಗ್ರಹದ ಚಿತ್ರದಲ್ಲಿ ಕಾಣುವುದು ಹಸುರು ಮಾತ್ರ. ಹಾಡಿಯ ಹೆಸರನ್ನೂ, ದೇವರ ನೆಲೆಯನ್ನೂ, ಹಿರಿಯರನ್ನು ಮಣ್ಣುಮಾಡಿದ ಜಾಗವನ್ನೂ ಆ ಚಿತ್ರವೊಂದೇ ಹೇಳಲಾರದು.

ಹೆಸರುಗಳನ್ನು ಯಾರಾದರೂ ಸೇರಿಸಲು, ತಿದ್ದಲು ಅವಕಾಶವಿರುವ ‘ಓಪನ್ ಸ್ಟ್ರೀಟ್ ಮ್ಯಾಪ್’ 2004ರಿಂದ ನಡೆದುಬಂದಿದೆ. ನಮ್ಮ ಮೂರನೆಯ ಪ್ರಶ್ನೆಗೆ ಇದರಷ್ಟು ನೇರವಾಗಿ ಉತ್ತರಿಸುವ ಭೂಪಟವನ್ನು ನಾವು ಕಾಣೆವು. ಗೂಗಲಿನ ಭೂಪಟಕ್ಕೂ ಹಣ ಕೊಡಬೇಕಾಗಿಲ್ಲ. ಆದರೆ ಸೂಚಿಸಿದ ತಿದ್ದುಪಡಿಯನ್ನು ಒಪ್ಪುವುದು, ಬಿಡುವುದು ಆ ಕಂಪನಿಯ ಕೈಯಲ್ಲಿದೆ. ಉಚಿತಕ್ಕೂ ಮುಕ್ತಕ್ಕೂ ಇರುವ ಭೇದ ಇದು. ವಿದ್ಯಾರ್ಥಿಗಳೇ ಹಾಡಿಯ ಹಿರಿಯರನ್ನು ಕೇಳಿ ಹೆಸರುಗಳನ್ನು ದಾಖಲಿಸಿದರೆ, ತರಗತಿಯ ಅಭ್ಯಾಸವೇ ಇತಿಹಾಸದ ಆಧಾರವಾಗಬಲ್ಲುದು.

ಆದರೆ ಮುಕ್ತತೆಗೂ ಒಂದು ಮಿತಿಯುಂಟೆಂಬುದನ್ನು ಮರೆಯಲಾಗದು. ಮುಕ್ತ ಭೂಪಟಕ್ಕೆ ಒಮ್ಮೆ ಒಪ್ಪಿಸಿದ ಹೆಸರು ಲೋಕದ ಸ್ವತ್ತಾಗುತ್ತದೆ. ಅಳಿಸಿದರೂ ಅದರ ಪ್ರತಿಗಳು ಎಲ್ಲೆಲ್ಲಿಯೋ ಉಳಿಯುತ್ತವೆ. ಸಮಾಧಿಯ ಜಾಗವನ್ನೋ ದೇವರ ಬನವನ್ನೋ ಪ್ರವಾಸಿಗಳ ಕಣ್ಣಿಗೊಡ್ಡುವುದು ಆ ಜನಕ್ಕೆ ಇಷ್ಟವಾಗದಿರಬಹುದು. ನೆಲವನ್ನು ಕಳೆದುಕೊಂಡವರಿಂದ ಅದರ ಗುಟ್ಟನ್ನೂ ಕೇಳದೆ ಕಿತ್ತುಕೊಂಡರೆ ಅದು ವಿದ್ವತ್ತಲ್ಲ. ಅವರು ಒಪ್ಪಿದ ಹೆಸರುಗಳನ್ನು ಮಾತ್ರ ಭೂಪಟಕ್ಕೆ ಸೇರಿಸಿ, ಉಳಿದುವನ್ನು ಅವರ ವಶದಲ್ಲಿಯೇ ಇರುವ ಬರವಣಿಗೆಯ ಪುಸ್ತಕದಲ್ಲಿ ಬಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಹೀಗೆ ನೋಡಿದರೆ, ಪರಿಶೀಲಿಸಿದ ಸಾಧನಗಳಲ್ಲಿ ಒಂದಾದರೂ ಮೂರು ಪ್ರಶ್ನೆಗಳಿಗೂ ಪೂರ್ಣವಾಗಿ ಉತ್ತರಿಸುವುದಿಲ್ಲ. ಅದರಿಂದ ಅವು ತ್ಯಾಜ್ಯವಾಗುವುದಿಲ್ಲ. ಮೂಲಪಾಠಕ್ಕೆ ಆರ್ಕೈವನ್ನೂ, ಸಂಪರ್ಕವಿಲ್ಲದ ಓದಿಗೆ ಕೀವಿಕ್ಸನ್ನೂ, ಹೆಸರುಗಳ ದಾಖಲೆಗೆ ಮುಕ್ತ ಭೂಪಟವನ್ನೂ ಅವುಗಳ ಮಿತಿಯನ್ನರಿತು ಬಳಸಿದಲ್ಲಿ ನಮ್ಮ ತರಗತಿಗಳಿಗೆ ಲಾಭವುಂಟು. ಸಾಧನವು ಉಚಿತವಾಗಿರಬಹುದು, ಆಧಾರವನ್ನು ಪರೀಕ್ಷಿಸುವ ಶ್ರಮಕ್ಕೆ ಮಾತ್ರ ವಿನಾಯಿತಿಯಿಲ್ಲ.