ಹಾರಿದ್ದು ಸರಿ, ಇಳಿದದ್ದು ಹೇಗೆ?

ಈ ವಾರ ಬ್ಯಾಡ್ಮಿಂಟನ್ನಿನ ಜಂಪ್ ಸ್ಮ್ಯಾಶ್‌ನಲ್ಲಿ ಮಣಿಕಟ್ಟಿನ ಕೆಲಸದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲು ಕೂತರೆ ಕಣ್ಣಿಗೆ ಕಟ್ಟಿದ್ದು ಸ್ಪೇನಿನ ಆಟಗಾರ್ತಿ ಕರೋಲಿನಾ ಮರೀನ್ ಅವರ ಮಂಡಿ.

2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್. ಮೊದಲ ಗೇಮ್ 21-14ರಲ್ಲಿ ಗೆದ್ದು, ಎರಡನೆಯದರಲ್ಲೂ ಮುಂದಿದ್ದರು. ಅಂಕಣದ ಹಿಂಭಾಗದಲ್ಲಿ ಕಾಲೂರುವಾಗ ಬಲಮಂಡಿ ಕೈಕೊಟ್ಟಿತು. 2019ರಲ್ಲಿ ಜಕಾರ್ತದಲ್ಲಿ, ಸೈನಾ ನೆಹ್ವಾಲ್ ಎದುರಿನ ಫೈನಲ್‌ನಲ್ಲಿ ಹೋಗಿದ್ದೂ ಇದೇ ಮಂಡಿ. ನಡುವೆ 2021ರಲ್ಲಿ ಎಡಮಂಡಿಯ ಸರದಿ. ಅಂಥ ಚಾಂಪಿಯನ್ನಿಗೆ ಇಳಿಯಲು ಬರುತ್ತಿರಲಿಲ್ಲ ಎನ್ನುವಷ್ಟು ಹುಂಬ ನಾನಲ್ಲ. ಅವರಿಗೇ ಹೀಗಾದರೆ, ಇಳಿಯುವುದನ್ನು ಕಲಿತೇ ಇರದ ನಮ್ಮ ಮಕ್ಕಳ ಪಾಡೇನು?

ಬಾಕ್ಸ್ ಜಂಪ್ ಪಂಥದವರ ಮೇಲೆ ನನಗೆ ಹಳೇ ಸಿಟ್ಟು. ಎದೆಯೆತ್ತರದ ಪೆಟ್ಟಿಗೆ ಮೇಲೆ ಹಾರಿ ರೀಲ್ಸ್ ಮಾಡುತ್ತಾರೆ. ಮೇಲೇರಿ ನಿಂತಾಗ ದೇಹ ಬಿದ್ದಿರುವುದೇ ಗೇಣುದ್ದ. ಅಲ್ಲಿ ಕಲಿಯಲು ಇಳಿತವೇ ಇಲ್ಲ. ಆಮೇಲೆ ಕ್ಯಾಮೆರಾ ಆಫ್ ಮಾಡಿ ಕೆಳಕ್ಕೆ ದಢಾರನೆ ಧುಮುಕುತ್ತಾರಲ್ಲ, ಪಾಠ ಇರುವುದು ಅಲ್ಲಿ.

ನನಗೆ ಒಂದಡಿ ಎತ್ತರದ ಸ್ಟೂಲ್ ಸಾಕು. ಮಗು ಹಾರುವುದು ಬೇಡ, ಸುಮ್ಮನೆ ಕಾಲು ಮುಂದಿಟ್ಟು ಕೆಳಗೆ ಬರಲಿ. ಮೊದಲು ಅಂಗಾಲಿನ ಮುಂಭಾಗ, ಹಿಂದೆಯೇ ಹಿಮ್ಮಡಿ. ಕುರ್ಚಿಗೆ ಕೂರುವವರಂತೆ ಸೊಂಟ ಹಿಂದಕ್ಕೆ. ಮಂಡಿ ಬಾಗಬೇಕು, ಆದರೆ ಒಂದಕ್ಕೊಂದು ಮುತ್ತಿಡಬಾರದು. ಪಾದದ ಬೆರಳುಗಳ ನೇರಕ್ಕೇ ಇರಬೇಕು. ಮೂರು ಎಣಿಸುವವರೆಗೆ ಅಲ್ಲಾಡಕೂಡದು. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. 'ದಢ್' ಅಂದರೆ ಮತ್ತೆ ಸ್ಟೂಲ್ ಹತ್ತು. ಎರಡು ಕಾಲಲ್ಲಿ ಸದ್ದಡಗಿದ ಮೇಲೆ ಒಂಟಿಕಾಲು, ಆಮೇಲೆ ಗಾಳಿಯಲ್ಲಿ ತಿರುಗಿ ಇಳಿಯುವುದು. ಹೆಣ್ಣುಮಕ್ಕಳಲ್ಲಿ ಮಂಡಿಯೊಳಗಿನ ಎಸಿಎಲ್ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹೆಚ್ಚು. ಅವರಿಗಂತೂ ಈ ಅಭ್ಯಾಸ ತಪ್ಪಿಸಲೇಬಾರದು.

ಸದ್ದು ಕೇಳುವ ಈ ಚಾಳಿ ನನಗೆ ಅಂಟಿದ್ದು ಯಕ್ಷಗಾನದಿಂದ. ತೆಂಕುತಿಟ್ಟು ಶೈಲಿಯಲ್ಲಿ ತರುಣ ವೀರರ ಪಾತ್ರ ಮಾಡುವ ಪುಂಡುವೇಷದವರು ಚೆಂಡೆಯ ಏರಿಗೆ ಸಾಲುಸಾಲು ದಿಗಿಣ, ಅಂದರೆ ಗಾಳಿಯಲ್ಲಿ ಸುತ್ತುವ ನೆಗೆತ, ಹಾರುವುದನ್ನು ನೋಡಿ. ಮೈಮೇಲೆ ವೇಷದ ಭಾರ, ಕಾಲಲ್ಲಿ ಗೆಜ್ಜೆ. ಪಳಗಿದವನ ಗೆಜ್ಜೆ ತಾಳಕ್ಕೆ ಸರಿಯಾಗಿ ಒಮ್ಮೆ ಝಲ್ ಎನ್ನುತ್ತದೆ; ಹೊಸಬನದು ಚೆಲ್ಲಾಪಿಲ್ಲಿ, ಜೊತೆಗೆ ರಂಗದ ಹಲಗೆಯ ಗುಡುಗು. ಅವರಿಗೆ ಮಂಡಿನೋವೇ ಇಲ್ಲ ಎಂದಲ್ಲ. ಬೆಳಗಿನ ಜಾವ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವವರನ್ನೂ ಕಂಡಿದ್ದೇನೆ. ಆದರೂ ಇಳಿಯುವುದು ಕುಣಿತದ್ದೇ ಭಾಗವೆಂದು ಅವರಿಗೆ ಗೊತ್ತು. ನಮ್ಮ ಕೋರ್ಟುಗಳಲ್ಲಿ ಹೊಡೆತದೊಂದಿಗೇ ಪಾಠ ಮುಗಿಯುತ್ತದೆ.

ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಸೇರಿಸುವವರು ಫೀಸು ಕೇಳುವ ಮುನ್ನ ಕೋಚನ್ನು ಒಂದು ಮಾತು ಕೇಳಿ: ಇಳಿಯುವುದನ್ನು ಯಾವ ವಾರದಿಂದ ಹೇಳಿಕೊಡುತ್ತೀರಿ?