ಕ್ಯಾಸೆಟ್ಟು ಒಳಗೆ, ನೀಲಗಾರ ಹೊರಗೆ

ಜಾನಪದ ಹಾಡನ್ನು ಮೆಚ್ಚೋದು ಈಗ ಬಲು ಸುಲಭದ ಕೆಲಸ. ಮೆಚ್ಚಿದ್ದಕ್ಕೆ ಯಾರೂ ಏನೂ ತೆರಬೇಕಾಗಿಲ್ಲ. ವೇದಿಕೆ ಹತ್ತಿದವರು ‘ಮಣ್ಣಿನ ವಾಸನೆ’ ಅನ್ನುತ್ತಾರೆ, ಬರೆಯುವವರು ‘ಮುಗ್ಧತೆ’ ಅನ್ನುತ್ತಾರೆ. ಮಣ್ಣು ಹೊತ್ತವನ ಮೈಗೂ ಒಂದು ವಾಸನೆ ಇದೆ. ಅದು ಹತ್ತಿರ ಬಂದರೆ ಇವರೇ ಪಕ್ಕಕ್ಕೆ ಸರಿದು ಕೂರುತ್ತಾರೆ. ನಾವು ಇಲ್ಲಿ ಮಾತಾಡಬೇಕೆಂದಿರುವುದು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಕೇಳಿದ ಒಂದು ಮಂಟೇಸ್ವಾಮಿ ಕಥೆಯ ಕ್ಯಾಸೆಟ್ಟಿನ ಬಗ್ಗೆ. ಜೊತೆಗೆ, ಅಂತರಸಂತೆಯಿಂದ ಬಾವಲಿ ಕಡೆಗೆ ಹೋಗುವ ರಸ್ತೆಯಲ್ಲಿ ಕೇಳುವ ಇನ್ನೊಂದು ಹಾಡಿನ ಬಗ್ಗೆ. ಎರಡನ್ನೂ ನಾವು ಸುಖಪಟ್ಟು ಕೇಳಿದ್ದೇವೆ. ಆ ಸುಖದ ಮೇಲೇ ನಮಗೆ ಅನುಮಾನ.

ಕ್ಯಾಸೆಟ್ಟನ್ನು ಅಪ್ಪ ಕಪ್ಪಡಿ ಜಾತ್ರೆಯಲ್ಲಿ ತಂದದ್ದು. ಕೆ.ಆರ್. ನಗರದ ಕಡೆ, ಕಾವೇರಿ ದಡದಲ್ಲಿ ರಾಚಪ್ಪಾಜಿ ಗದ್ದುಗೆ ಇರುವ ಜಾಗ ಅದು. ಶಿವರಾತ್ರಿ ಹೊತ್ತಿಗೆ ಶುರುವಾಗುವ ಜಾತ್ರೆಗೆ ನಮ್ಮ ಕೇರಿಯ ಜನ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಎರಡು ಕ್ಯಾಸೆಟ್ಟಿನ ಜೋಡಿ. ಮೇಲಿನ ಕಾಗದ ಯಾವತ್ತೋ ಹರಿದುಹೋಯಿತು, ಹಾಡಿದವರ ಹೆಸರೂ ಅದರ ಜೊತೆಗೇ ಹೋಯಿತು. ಮಳವಳ್ಳಿ ಮಹದೇವಸ್ವಾಮಿ ಅವರ ದನಿಯನ್ನಾದರೆ ನಮ್ಮ ಸೀಮೆಯ ಚಿಕ್ಕ ಮಕ್ಕಳೂ ಗುರುತು ಹಿಡಿಯುತ್ತವೆ. ಇದು ಆ ದನಿಯಲ್ಲ. ಯಾರೋ ಹೆಸರಿಲ್ಲದ ನೀಲಗಾರ. ಹಿಂದೆ ಸೊಲ್ಲು ಹಿಡಿಯುವ ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಆ ಹೆಂಗಸಿನ ದನಿ ಸ್ವಲ್ಪ ಒಡಕು. ನಮಗೆ ಅವಳೇ ಹೆಚ್ಚು ಇಷ್ಟ.

ನಮ್ಮ ದೊಡ್ಡಪ್ಪ ನೀಲಗಾರನಾಗಿದ್ದ. ಹುಟ್ಟಿದಾಗಲೇ ಅವನನ್ನು ಮಂಟೇದಯ್ಯನಿಗೆ ಬಿಟ್ಟಿದ್ದರು. ನೀಲಗಾರರಲ್ಲಿ ಬೇರೆ ಕುಲದವರೂ ಉಂಟು, ನಮ್ಮವರೇ ಹೆಚ್ಚು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಊರೊಳಗಿನ ದೊಡ್ಡಮನೆಯಲ್ಲಿ ವರ್ಷಕ್ಕೊಮ್ಮೆ ಕಥೆ ಮಾಡಿಸುತ್ತಿದ್ದರು. ದೊಡ್ಡಪ್ಪ ಜಗಲಿಯ ಕೆಳಗೆ ಗೋಣಿತಾಟಿನ ಮೇಲೆ ಕೂರುತ್ತಿದ್ದ. ಮನೆಯವರು ಜಗಲಿ ಮೇಲೆ, ಹೆಂಗಸರು ಬಾಗಿಲ ಒಳಗೆ. ದೀಪ ಹಚ್ಚೋ ಹೊತ್ತಿಗೆ ಶುರುವಾದರೆ ಮೊದಲ ಕೋಳಿ ಕೂಗುವ ತನಕ. ಬೆಳಿಗ್ಗೆ ಒಂದು ಮೊರ ರಾಗಿ, ನಾಲ್ಕು ಮೆಣಸಿನಕಾಯಿ, ಎಂಟಾಣೆಯೋ ರೂಪಾಯಿಯೋ. ನೀರು ಕೇಳಿದರೆ ಮೇಲಿಂದ ಹುಯ್ಯುತ್ತಿದ್ದರು, ದೊಡ್ಡಪ್ಪ ಬೊಗಸೆ ಒಡ್ಡುತ್ತಿದ್ದ.

ಈಗ ಅವನು ಹಾಡುತ್ತಿದ್ದದ್ದು ಏನನ್ನು, ಅದನ್ನು ನೋಡಿ. ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಬಸವಣ್ಣನ ಕಲ್ಯಾಣ, ಲಕ್ಷಾಂತರ ಜಂಗಮರಿಗೆ ದಾಸೋಹ ನಡೆಯುವ ಕಲ್ಯಾಣ, ಸಮಾನತೆಯ ಕಲ್ಯಾಣ. ಬರುವುದು ಯಾವ ವೇಷದಲ್ಲಿ? ಕೊಳೆತ ಮೈ, ಮುತ್ತಿಕೊಂಡ ನೊಣ, ಹೆಗಲ ಮೇಲೆ ಸತ್ತ ಕರು. ಬಾಗಿಲು ಕಾಯುವವರು ಒಳಕ್ಕೆ ಬಿಡುವುದಿಲ್ಲ. ನಾಲಗೆಯ ಮೇಲಿನ ಸಮಾನತೆ ಮೂಗಿನ ತನಕ ಇಳಿದಿದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆ ಇದು. ಇಷ್ಟು ದೊಡ್ಡ ಪ್ರಶ್ನೆಯನ್ನು ಇಷ್ಟು ನಾತದ ಚಿತ್ರದಲ್ಲಿ ಕೇಳಿದ ಕಾವ್ಯ ನಮ್ಮ ನವ್ಯದವರಲ್ಲೂ ನಾವು ಕಂಡಿಲ್ಲ. ಬಾಗಿಲಲ್ಲಿ ತಡೆಸಿಕೊಂಡ ಗುರುವಿನ ಕಥೆಯನ್ನು ಬಾಗಿಲ ಹೊರಗೆ ಕೂತವನು ಹಾಡುತ್ತಾನೆ, ಬಾಗಿಲ ಒಳಗೆ ಕೂತವರು ಕಣ್ಣೊರೆಸಿಕೊಂಡು ಕೇಳುತ್ತಾರೆ!

ಅವರ ಕಣ್ಣೀರು ಸುಳ್ಳು ಅಂತ ನಾವು ಹೇಳುವುದಿಲ್ಲ. ಸುಳ್ಳಾಗಿದ್ದರೆ ನಮ್ಮ ಕೆಲಸ ಹಗುರವಾಗುತ್ತಿತ್ತು. ಆ ಮನೆಯ ಮುದುಕಿ ಸಿದ್ದಪ್ಪಾಜಿಯ ಕಷ್ಟ ಬಂದಾಗ ನಿಜವಾಗಿಯೂ ಬಿಕ್ಕುತ್ತಿದ್ದಳು ಅಂತ ಅವ್ವ ಹೇಳುತ್ತಾಳೆ. ಅದೇ ಮುದುಕಿ ಬೆಳಿಗ್ಗೆ ಎದ್ದು ದೊಡ್ಡಪ್ಪ ಕೂತಿದ್ದ ಜಾಗಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದಳು. ಆ ಅಳುವೂ ಆ ಸಗಣಿ ನೀರೂ ಒಂದೇ ಎದೆಯವು. ನಮ್ಮ ವಿಮರ್ಶೆ ‘ರಸ’, ‘ಸಹೃದಯ’ ಅನ್ನುವ ಮಾತುಗಳನ್ನು ಆಡುವಾಗ ಈ ಮುದುಕಿಗೆ ಲೆಕ್ಕದಲ್ಲಿ ಎಲ್ಲಿ ಜಾಗ ಕೊಡುತ್ತದೆ?

ಆಮೇಲೆ ಟೇಪ್ ರೆಕಾರ್ಡರ್ ಬಂತು. ದೊಡ್ಡಮನೆಯಲ್ಲಿ ಕಥೆ ಮಾಡಿಸೋದು ನಿಂತಿತು, ಕ್ಯಾಸೆಟ್ಟು ಹಾಕೋದು ಶುರುವಾಯಿತು. ಅವರ ಟೇಪು ಇದ್ದದ್ದು ನಡುಮನೆಯ ಗೂಡಿನಲ್ಲಿ, ದೇವರ ಪಟದ ಕೆಳಗೆ. ಯಾವ ನೀಲಗಾರನೂ ಕಾಣದ ನಡುಮನೆಯನ್ನು ನೀಲಗಾರನ ದನಿ ಕಂಡಿತು. ಇದನ್ನು ಪ್ರಗತಿ ಅನ್ನೋಣವೆ? ದನಿಗೆ ಮೈಯಿಲ್ಲ, ಮೈಯಿಲ್ಲದ್ದಕ್ಕೆ ಮೈಲಿಗೆ ಇಲ್ಲ. ರಾಗಿ ಅಳೆಯೋದೂ ಉಳಿಯಿತು. ದೊಡ್ಡಪ್ಪನಿಗೆ ಆ ವರ್ಷ ಸುಗ್ಗಿಯಲ್ಲಿ ಎಷ್ಟು ಮೊರ ಕಮ್ಮಿಯಾಯಿತು ಅನ್ನೋದನ್ನು ಅವನು ಸಾಯುವ ತನಕ ಲೆಕ್ಕ ಹೇಳುತ್ತಿದ್ದ.

ನಮ್ಮ ಮನೆಯಲ್ಲಿ ಅದೇ ಕಥೆಯನ್ನು ಕೇಳುತ್ತಿದ್ದ ರೀತಿ ಬೇರೆ. ಅವ್ವ ಮುದ್ದೆ ತಿರುವುತ್ತಾ ಕೇಳೋಳು, ಅಪ್ಪ ಬೀಡಿ ಸೇದುತ್ತಾ. ಯಾರೂ ಸುಮ್ಮನೆ ಕೂತು ಕೇಳಿದ್ದೇ ಇಲ್ಲ. ಹಾಡುವವನು ಒಂದು ಅಂದರೆ ಅವ್ವ ಎರಡು ಅನ್ನೋಳು. “ಇಲ್ ಬುಟ್ಬುಟ್ಟ ನೋಡು, ಭಾವ ಆಗಿದ್ರೆ ಬುಡ್ತಿರ್ನಿಲ್ಲ” ಅಂತ ಟೇಪನ್ನೇ ಗದರೋಳು. ಅವ್ವನ ಈ ಜಗಳವೇ ನಾವು ಕಲಿತ ಮೊದಲ ವಿಮರ್ಶೆ.

ಅವಳು ಹೇಳುತ್ತಿದ್ದದ್ದು ಸರಿ. ಒಂದು ರಾತ್ರಿಯ ಕಥೆಯನ್ನು ಎರಡು ಗಂಟೆಗೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು, ಒಪ್ಪೋಣ. ಯಾವುದನ್ನು ಬಿಟ್ಟರು ಅನ್ನೋದು ಪ್ರಶ್ನೆ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗ ಒಂದು ಕ್ಯಾಸೆಟ್ಟು ಪೂರ್ತಿ ಇದೆ. ಕೀಬೋರ್ಡಿನಲ್ಲಿ ಗುಡುಗು ಸಿಡಿಲು ಬೇರೆ. ಪವಾಡಕ್ಕೆ ಎಷ್ಟು ಬೇಕಾದರೂ ಜಾಗ. ಕಲ್ಯಾಣದ ಬಾಗಿಲಿನ ಭಾಗ ಮಾತ್ರ ಏಳೆಂಟು ನಿಮಿಷಕ್ಕೆ ಮುಗಿದುಹೋಗುತ್ತದೆ. ಕರುವಿನ ಹೆಣ ಇಲ್ಲ, ನೊಣ ಇಲ್ಲ. ಸ್ವಾಮಿ ‘ಬಡವನ ವೇಷ’ದಲ್ಲಿ ಬಂದ ಅಂತ ಒಂದು ಮಾತು. ಬಡವ! ಬಡವನಾಗಿದ್ದರೆ ದಾಸೋಹದಲ್ಲಿ ಎಲೆ ಹಾಕುತ್ತಿದ್ದರು, ಕಥೆಯೇ ಇರುತ್ತಿರಲಿಲ್ಲ. ಎಲ್ಲ ಮನೆಗಳಲ್ಲೂ ಮಾರಾಟವಾಗಬೇಕಾದ ಮಾಲಿನಲ್ಲಿ ಕೆಲವು ಮನೆಗಳಿಗೆ ಚುಚ್ಚುವುದನ್ನು ತೆಗೆದಿದ್ದಾರೆ. ದೊಡ್ಡಪ್ಪ ಜಗಲಿ ಕೆಳಗೆ ಕೂತು, ರಾಗಿ ಕೊಡುವವರ ಮುಖ ನೋಡಿಕೊಂಡೇ ಆ ಕರುವಿನ ಹೆಣವನ್ನು ಹಾಡುತ್ತಿದ್ದ. ಅವನಿಗಿದ್ದ ಧೈರ್ಯ ಕ್ಯಾಸೆಟ್ಟಿಗೆ ಇಲ್ಲ.

ಹಾಗಂತ ಆ ಹೆಸರಿಲ್ಲದ ನೀಲಗಾರನನ್ನು ನಾವು ಹೀಗಳೆಯುವುದಿಲ್ಲ. ಸಿದ್ದಯ್ಯನನ್ನು ಕೂಗಿ ಕರೆಯುವ ಕಡೆ ಅವನ ದನಿ ಒಮ್ಮೆ ಕಟ್ಟಿಕೊಂಡು, ಉಸಿರು ತಗೊಂಡು, ಮತ್ತೆ ಏಳುತ್ತದೆ. ಅಲ್ಲಿ ತಂಬೂರಿ ಬಿಟ್ಟು ಬೇರೆ ವಾದ್ಯ ಇಲ್ಲ. ಹಿಮ್ಮೇಳದ ಹೆಂಗಸು ಅರ್ಧ ಮಾತ್ರೆ ತಡವಾಗಿ ಸೊಲ್ಲು ಹಿಡಿಯುತ್ತಾಳೆ. ಆ ತಡವನ್ನು ಸ್ಟುಡಿಯೋದವರು ಹೇಗೋ ತಿದ್ದದೆ ಬಿಟ್ಟಿದ್ದಾರೆ. ಇಪ್ಪತ್ತು ವರ್ಷ ಕೇಳಿದ ಮೇಲೂ ಅಲ್ಲಿ ನಮ್ಮ ಕೈ ತುತ್ತಿನ ಹತ್ತಿರ ನಿಂತುಬಿಡುತ್ತದೆ.

ನಾಚಿಕೆಯ ಮಾತನ್ನೂ ಬರೆದುಬಿಡೋಣ. ಮೈಸೂರಿನ ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ಈ ಹಾಡನ್ನು ನಾವು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೂ ಯಾರಾದರೂ ರೂಮಿಗೆ ಬಂದರೆ ಆರಿಸಿಬಿಡುತ್ತಿದ್ದೆವು. ಭಿಕ್ಷೆ ಹಾಡು ಅಂದುಕೊಂಡಾರು ಅಂತ. ಮುಂದೆ ಎಂ.ಎ. ತರಗತಿಯಲ್ಲಿ ಮೇಷ್ಟ್ರು ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ, 1997ರಲ್ಲಿ ಹಂಪಿ ವಿಶ್ವವಿದ್ಯಾಲಯ ಪ್ರಕಟಿಸಿದ ‘ಮಂಟೇಸ್ವಾಮಿ ಕಾವ್ಯ’ವನ್ನು ಮೇಜಿನ ಮೇಲಿಟ್ಟು ಇದು ಮಹಾಕಾವ್ಯ ಅಂದರು. ಆವತ್ತು ರಾತ್ರಿ ನಾವು ಹಾಡನ್ನು ಗಟ್ಟಿಯಾಗಿ ಹಾಕಿದೆವು. ಅವ್ವ ಹೇಳಿದ್ದಾಗ ಬಾರದ ಧೈರ್ಯ ಪುಸ್ತಕ ಹೇಳಿದಾಗ ಬಂತು. ಓದಿದ ನಮ್ಮಂಥವರ ರೋಗ ಇದು.

ಚಳವಳಿಯೂ ಈ ವಿಷಯದಲ್ಲಿ ಒಮ್ಮೊಮ್ಮೆ ಅವಸರಪಟ್ಟಿದೆ. ಹೆಣದ ಮುಂದೆ ತಮಟೆ ಬಡಿಯಬೇಡಿ ಅಂತ ನಮ್ಮ ಅಣ್ಣಂದಿರು ಹೇಳಿದ್ದು ಸರಿ. ಅದೇ ಉಸಿರಿನಲ್ಲಿ ದೊಡ್ಡಪ್ಪನಿಗೂ ತಂಬೂರಿ ಬಿಡು ಅಂದರಂತೆ. “ಭಿಕ್ಸ ಬುಡ್ತಿನಿ ಕಣ್ರಪ್ಪ, ತಂಬೂರಿ ಯಾಕ್ ಬುಡ್ಲಿ?” ಅಂದನಂತೆ ಅವನು. ಆ ಪ್ರಶ್ನೆಗೆ ಆವತ್ತು ಯಾರೂ ಉತ್ತರ ಕೊಡಲಿಲ್ಲ. ತಮಟೆಯಾದರೋ ಮೆರವಣಿಗೆಗೆ ಬಂತು, ಹೋರಾಟದ ಹಾಡಿಗೆ ಬಂತು. ತಂಬೂರಿ ಗೋಡೆಗೇ ಉಳಿಯಿತು.

ಇನ್ನು ರಸ್ತೆಯ ಮಾತು. ಬೆಳಿಗ್ಗೆ ಅಂತರಸಂತೆಯಲ್ಲಿ ನಿಂತರೆ ಕೂಲಿಗೆ ಹೋಗುವವರ ಜೀಪುಗಳು ಸಿಗುತ್ತವೆ. ಕೆಲವು ಕೊಡಗಿನ ಕಾಫಿ ತೋಟಕ್ಕೆ, ಕೆಲವು ಶುಂಠಿ ಹೊಲಕ್ಕೆ. ಬಾವಲಿ ದಾಟಿ ವಯನಾಡಿಗೆ ಹೋಗುವವೂ ಉಂಟು. ಸಂಜೆ ಆರಕ್ಕೆ ಕಾಡಿನ ಗೇಟು ಬೀಳುವುದರೊಳಗೆ ಹಿಂದಕ್ಕೆ ಬರಬೇಕು. ಡ್ರೈವರುಗಳ ಪೆನ್‌ಡ್ರೈವಿನಲ್ಲಿ ಮಾದಪ್ಪ, ಸಿದ್ದಪ್ಪಾಜಿ, ಸಿನಿಮಾ ಎಲ್ಲಾ ಕಲಸಿಕೊಂಡಿರುತ್ತವೆ. ಇದೇ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳೂ ಕಾಡಿನ ಕಡೆ ಹೋಗುತ್ತವೆ. ಎರಡರಲ್ಲೂ ನಾವು ಕೇಳಿರುವ ಹಾಡೊಂದಿದೆ: ‘ನೇಸರ ನೋಡು’.

ಇದು ಜನಪದರ ಹಾಡಲ್ಲ, ಮಾಸ್ತಿಯವರು ಬರೆದದ್ದು. ಅವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದರು, ಸಿ. ಅಶ್ವತ್ಥ್ ರಾಗ ಹಾಕಿದರು. ಆದರೂ ಜನ ಅದನ್ನು ಜಾನಪದ ಅಂತಲೇ ಕೇಳುತ್ತಾರೆ. ರಾಗಕ್ಕೆ ಆ ಶಕ್ತಿ ಇದೆ, ಅದನ್ನು ಇಲ್ಲ ಅನ್ನಲಾರೆವು. ಮಂಜು ಮುಸುಕಿದ ಬೆಳಿಗ್ಗೆ, ಮರದ ಸಾಲು ಮುಗಿದು ಬಯಲು ಬಂದಾಗ ಆ ಹಾಡು ಕಿವಿಗೆ ಬಿದ್ದರೆ ಕೂಲಿಗೆ ಹೊರಟವನ ಬೆನ್ನೂ ಒಂದು ಗಳಿಗೆ ನೆಟ್ಟಗಾಗುತ್ತದೆ.

ಕಾಕನಕೋಟೆ ಅಂದರೆ ಇದೇ ಕಾಡು, ಅಂತರಸಂತೆ ದಾಟಿದ ಮೇಲೆ ಸಿಗುವುದು. ಆನೆ ಹಿಡಿಯುವ ಖೆಡ್ಡಾ ಇಲ್ಲಿ ಕೊನೆಯ ಸಲ ನಡೆದದ್ದು 1971ರಲ್ಲಿ. ಖೆಡ್ಡಾಕ್ಕೆ ಆನೆಯ ಜಾಡು ತೋರಿಸಿದವರು ಕುರುಬರು, ಪಟದಲ್ಲಿ ಕೂತವರು ಮಹಾರಾಜರು, ವೈಸರಾಯರು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಊರುಗಳೂ ಹಾಡಿಗಳೂ ನೀರಿನಡಿ ಹೋದವು. ಸಿನಿಮಾ ಬಂದದ್ದು ಅದಾದ ಮೂರು ವರ್ಷಕ್ಕೆ. ಕಾಡಿನಿಂದ ಜೇನುಕುರುಬರು, ಬೆಟ್ಟಕುರುಬರು ಹೊರಬೀಳುತ್ತಿದ್ದ ಕಾಲದಲ್ಲಿ ಕಾಡಿನ ಮಕ್ಕಳ ಹಾಡು ರೇಡಿಯೋದಲ್ಲಿ ಮನೆಮನೆಗೂ ಬರುತ್ತಿತ್ತು.

ಮಾಸ್ತಿಯವರಿಗೆ ಅನ್ಯಾಯ ಮಾಡಬಾರದು. ಅವರ ನಾಟಕ ಬರೀ ಕಾಡಿನ ಚೆಲುವಿನದಲ್ಲ. ರಣಧೀರ ಕಂಠೀರವನ ಕಾಲದಲ್ಲಿ ಕೋಟೆಯ ಹೆಗ್ಗಡೆಯ ದಬ್ಬಾಳಿಕೆ, ಅದರ ಎದುರು ನಿಂತ ಕುರುಬರ ನಾಯಕ ಕಾಚ, ಎಲ್ಲ ಅದರಲ್ಲಿ ಇದೆ. ಪರಿಹಾರ ಮಾತ್ರ ಅರಮನೆಯ ಒಳ್ಳೆಯತನದ ಕಡೆ ನೋಡುತ್ತದೆ ಅನ್ನೋದು ನಮ್ಮ ತಕರಾರು. ಅದನ್ನು ಇನ್ನೊಮ್ಮೆ ಬರೆದೇವು. ಇಲ್ಲಿನ ಮಾತು ಇಷ್ಟೆ: ಹಾಡುಗಳು ನಾಟಕ ಬಿಟ್ಟು ಒಂದೊಂದಾಗಿ ಹೊರಬಂದಾಗ ಹೆಗ್ಗಡೆ ಒಳಗೇ ಉಳಿದುಕೊಂಡ. ಹೊರಗೆ ಬಂದವರು ನೇಸರ ನೋಡುವ ಮುಗ್ಧರು ಮಾತ್ರ. ನಮ್ಮ ಮಂಟೇಸ್ವಾಮಿ ಕ್ಯಾಸೆಟ್ಟಿನಲ್ಲಿ ಕಲ್ಯಾಣದ ಬಾಗಿಲು ಕಾಯುವವನು ಕಾಣೆಯಾದ ಹಾಗೆಯೇ.

ಒಂದು ಬೆಳಿಗ್ಗೆ ಜೀಪಿನಲ್ಲಿ ಈ ಹಾಡು ಬರುತ್ತಿತ್ತು. ಹಿಂದಿನ ಸೀಟಿನ ಅಂಚಿನಲ್ಲಿ ಹಾಡಿಯ ಅಜ್ಜಿಯೊಬ್ಬಳು ಕೂತಿದ್ದಳು. ತಲೆದೂಗಿ ಕೇಳಿ, “ಚೆಂದಾಗದೆ, ಯಾರ್ದು ಮಗಾ ಇದು?” ಅಂದಳು. ನಿಮ್ಮ ಕಾಡಿಂದೇ ಕಣಜ್ಜಿ ಅಂದೆವು. ಅವಳು ಹಿನ್ನೀರಿನ ದಿಕ್ಕಿಗೆ ಕೈ ತೋರಿಸಿ, “ನಮ್ಮವ್ವನ ಹಾಡಿ ಅಲ್ಲಿ ಅದೆ, ನೀರಡಿ” ಅಂದು ಸುಮ್ಮನಾದಳು. ಅವಳ ನುಡಿಯ ಹಾಡು ಒಂದಾದರೂ ಆ ಪೆನ್‌ಡ್ರೈವಿನಲ್ಲಿ ಇರಲಿಲ್ಲ. ಒಂದು ಹಾಡು ಹೇಳಜ್ಜಿ ಅಂತ ಕೇಳಬೇಕು ಅಂತ ನಮಗೆ ಹೊಳೆದದ್ದು ಅವಳು ಇಳಿದುಹೋದ ಮೇಲೆ. ಇನ್ನೂ ಒಂದು ಮಾತು: ಆ ಜೀಪಿನಲ್ಲಿ ಮುಂದಿನ ಸೀಟು ಕೇರಿಯ ನಮ್ಮದು, ಹಿಂದಿನ ಅಂಚು ಹಾಡಿಯವರದು. ಹಾಗೆಂದು ಯಾರೂ ಹೇಳಿರಲಿಲ್ಲ. ದೊಡ್ಡಮನೆಯ ಜಗಲಿಗೆ ಬಯ್ಯುವ ನಾವು ಜೀಪಿನಲ್ಲೊಂದು ಜಗಲಿ ಮಾಡಿಕೊಂಡಿದ್ದೆವು.

ಹಾಡಿದವನನ್ನು ಬಿಟ್ಟು ಹಾಡನ್ನು ಎತ್ತಿಕೊಳ್ಳೋದು ನಮ್ಮ ದೇಶದ್ದೇ ಗುಣವಲ್ಲ. 1933ರಲ್ಲಿ ಅಮೆರಿಕದ ಅಂಗೋಲಾ ಜೈಲಿನಲ್ಲಿ ಲೆಡ್ ಬೆಲಿ ಎಂಬ ಕಪ್ಪು ಕೈದಿಯ ಹಾಡುಗಳನ್ನು ಜಾನ್ ಲೊಮ್ಯಾಕ್ಸ್ ಮುದ್ರಿಸಿಕೊಂಡರು. ಮುಂದೆ ಆ ಹಾಡುಗಳ ಹಕ್ಕಿನಲ್ಲಿ ಸಂಗ್ರಹಿಸಿದವರ ಹೆಸರೂ ಸೇರಿಕೊಂಡಿತು. ಅಲ್ಲಿ ಹಾಡಿದವನ ಹೆಸರಾದರೂ ಉಳಿಯಿತು. ನಮ್ಮಲ್ಲೂ ಸರಿಯಾದ ದಾರಿ ಇಲ್ಲದೆ ಇಲ್ಲ. ಮಲೆ ಮಾದೇಶ್ವರ ಕಾವ್ಯ 2001ರಲ್ಲಿ ಇಂಗ್ಲಿಷಿಗೆ ಬಂದಾಗ, ಅದು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ್ದು ಅಂತ ಸಾಹಿತ್ಯ ಅಕಾಡೆಮಿ ಪುಸ್ತಕದ ಹೆಸರಿನಲ್ಲೇ ಅಚ್ಚು ಹಾಕಿಸಿತು. ಪುಸ್ತಕಕ್ಕೆ ಆಗುವ ಮರ್ಯಾದೆ ಹಾಡಿನ ಕಂಪನಿಗಳಿಗೆ ಯಾಕೆ ಆಗದು? ಆ ಒಡಕು ದನಿಯ ಹೆಂಗಸಿಗೆ ಒಂದು ಹೆಸರಿತ್ತು.

ದೊಡ್ಡಪ್ಪ ಹೋದ ವರ್ಷ ತೀರಿಕೊಂಡ. ಅವನ ತಿಥಿ ಕಳೆದ ಮೇಲೆ ದೊಡ್ಡಮನೆಯ ಮುದುಕಿಯ ಸೊಸೆ, ಈಗ ಅವರೂ ಮುದುಕಿಯೇ, ನಮಗೆ ಹೇಳಿ ಕಳಿಸಿದರು. ಟೇಪು ಕೆಟ್ಟುಹೋಗಿದೆ, ಮೊಬೈಲಿಗೆ ಆ ಸಿದ್ದಪ್ಪಾಜಿ ಹಾಡು ಹಾಕಿಕೊಡಬೇಕಂತೆ. ಹೋದೆವು. “ಓದಿರೋ ಹುಡ್ಗ ಕಣವ್ವ” ಅಂತ ಮೊಮ್ಮಗಳಿಗೆ ಹೇಳಿ ಮೊಬೈಲನ್ನು ಹೊರಗೆ ತಂದು ಕೊಟ್ಟರು. ಒಳಕ್ಕೆ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹಾಕಿಕೊಟ್ಟೆವು. ಹಳೆಯ ಕ್ಯಾಸೆಟ್ಟಿನದ್ದಲ್ಲ, ದೊಡ್ಡಪ್ಪನ ದನಿಯನ್ನು ನಾವೇ ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಕಲ್ಯಾಣದ ಬಾಗಿಲು, ಕರುವಿನ ಹೆಣ, ನೊಣ, ಮಧ್ಯೆ ಅವನ ಕೆಮ್ಮು ಎಲ್ಲ ಇರುವಂಥದ್ದು. “ಇದ್ಯಾರ್ ಹಾಡಿರೋದು?” ಅಂದರು. ಹೇಳಿದೆವು. ಅವರು ಮೊಬೈಲು ಹಿಡಿದುಕೊಂಡು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತರು. ನಾವು ಜಗಲಿ ಹತ್ತಿ ಕೂತೆವು. ಯಾರೂ ಏನೂ ಅನ್ನಲಿಲ್ಲ. ಹಾಡು ನಲವತ್ತು ನಿಮಿಷ ಇತ್ತು.